ಅಕ್ಕಸಾಲಿ ಮನೆಯ ಸರ್ವರ್

ಬೆಳಗ್ಗೆಯಿಂದ ಕೀರ್ತನ ಕೂತಲ್ಲಿ ಕೂತಿರಲಿಲ್ಲ, ನಿಂತಲ್ಲಿ ನಿಂತಿರಲಿಲ್ಲ. ಕಿಕ್ಕೇರಿಯ ಸೋದರಮಾವನ ಮನೆಯ ಹಿತ್ತಿಲಲ್ಲಿ ಫೋನು ಹಿಡಿದು, ಬಟ್ಟೆ ಒಗೆಯುವ ಕಲ್ಲಿನಿಂದ ಸೀಬೆಗಿಡದವರೆಗೆ, ಸೀಬೆಗಿಡದಿಂದ ಕಲ್ಲಿನವರೆಗೆ ತಿರುಗುತ್ತಲೇ ಇದ್ದಳು. ಕಾಲು ಮುರಿದುಕೊಂಡು ಮಲಗಿದ್ದ ಅತ್ತೆಗೆ ಆಸರೆಯಾಗಲೆಂದು ಅಮ್ಮನ ಜೊತೆ ನೆನ್ನೆಯಷ್ಟೇ ಬಂದಿದ್ದಳು. ಈಗ ನೋಡಿದರೆ ಅತ್ತೆಯ ಕಾಲಿಗಿಂತ ಇವಳ ಕಾಲಿನದೇ ಮನೆಯವರಿಗೆ ದೊಡ್ಡ ಚಿಂತೆಯಾಗಿತ್ತು.

"ಲೇ, ಒಂದ್ ಗಳಿಗೆ ಕೂತ್ಕೊಳೆ. ಇಡ್ಲಿ ಆರೋಯ್ತು," ಅಡುಗೆಮನೆ ಕಿಟಕಿಯಿಂದ ಅಮ್ಮ ಕೂಗಿದಳು.

"ಇಡ್ಲಿ ಆರ್ಲಿ ಬುಡಮ್ಮ. ನನ್ ಪೇಜೇ ಓಪನ್ ಆಗ್ತಿಲ್ಲ!"

"ನಾಳೆ ಆಯ್ತದೆ. ಎಲ್ಲಿಗ್ ಓಡೋಯ್ತದೆ ಅದು?"

ನಾಳೆಯಂತೆ ನಾಳೆ! ಇವತ್ತು ಮಧ್ಯಾಹ್ನ ಊಟ ಆದಮೇಲೆ ಮೈಸೂರಿನಲ್ಲಿ ಕರಕುಶಲ ಮೇಳದ ಸಮಿತಿಯವರು ಕೂರುವವರಿದ್ದರು. ಸಮಿತಿಯ ಅರ್ಪಿತ ಮೇಡಂ ಈಗತಾನೆ ಫೋನು ಮಾಡಿ, "ನೀವು ಕೊಟ್ಟ ವಿಳಾಸ ತೆರೀತಾನೇ ಇಲ್ಲವಲ್ಲಮ್ಮ, ನೀವು ಹೇಳಿದ ತಾರೀಖನ್ನ ನಾವು ಎಲ್ಲಿ ನೋಡೋದು?" ಎಂದು ಕೇಳಿದ್ದರು. ಫೋನಿನಲ್ಲಿ ಇಟ್ಟುಕೊಂಡಿದ್ದ ಚಿತ್ರಗಳನ್ನು ಕಳಿಸುತ್ತೇನೆ ಎಂದರೆ, "ಅಂಥಾ ಚಿತ್ರ ಯಾರು ಬೇಕಾದ್ರೂ ಮಾಡ್ಕೋಬಹುದು. ನಮ್ಮ ಕಂಪ್ಯೂಟರಲ್ಲಿ ನಾವೇ ತೆರೆದು ನೋಡಬೇಕು. ಇಲ್ಲದಿದ್ರೆ ಅಂಗಡಿಯವರ ಮಾತೇ ನಿಲ್ಲುತ್ತೆ," ಎಂದುಬಿಟ್ಟರು.

ಅಂಗಡಿಯವರ ಮಾತು ಏನೆಂದರೆ, ರಾಗಿತೆನೆ ಓಲೆ ತಮ್ಮದು ಎನ್ನುವುದು. ರಾಗಿತೆನೆ ಹಣ್ಣಾಗುವಾಗ ಬೆರಳು ಮಡಚಿದ ಹಾಗೆ ಒಳಕ್ಕೆ ಬಾಗುತ್ತದಲ್ಲ, ಅದನ್ನು ಓಲೆ ಮಾಡಿದವಳು ಕೀರ್ತನ. ಗಂಜಾಂನ ತನ್ನ ಮನೆಯಲ್ಲಿ ಕೂತು ಅವಳು ಕಂಪ್ಯೂಟರಿನಲ್ಲಿ ಬರೆದಳು, ಅಕ್ಕಸಾಲಿಯಾದ ಅವಳ ಅಪ್ಪ ಚಂದ್ರಶೇಖರ ಅದನ್ನು ಬಂಗಾರದಲ್ಲಿ ಇಳಿಸಿದ. ಬರೆದ ಮೊದಲ ಗೆರೆಯಿಂದ ಹಿಡಿದು ಮೆರುಗು ಕೊಟ್ಟ ಕೊನೆಯ ದಿನದವರೆಗೆ ಒಂದೊಂದನ್ನೂ ತನ್ನ ಪೇಜಿನಲ್ಲಿ ಹಾಕಿಕೊಂಡು ಬಂದಿದ್ದಳು. ಆಮೇಲೆ ಮೈಸೂರಿನ ಒಂದು ದೊಡ್ಡ ಆಭರಣದಂಗಡಿಯ ಗಾಜಿನೊಳಗೆ ಅದೇ ಓಲೆ ಬಂದು ಕೂತಿತು. ಈಗ ಇಬ್ಬರೂ ಅದನ್ನೇ ಮೇಳಕ್ಕೆ ತಂದಿದ್ದರು. ಯಾರು ಮೊದಲು ಮಾಡಿದರೆಂದು ತೋರಿಸಿದವರ ಹೆಸರಿನಲ್ಲಿ ಓಲೆ ನಿಲ್ಲುತ್ತದೆ, ಇನ್ನೊಬ್ಬರು ಕಳ್ಳರಾಗುತ್ತಾರೆ. ಹುಡುಗಿ ಕೂತಲ್ಲಿ ಕೂರುವುದಾದರೂ ಹೇಗೆ ಹೇಳಿ?

ಅಪ್ಪನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಕೊನೆಗೆ ಅಜ್ಜಿ ನಾಗಲಕ್ಷ್ಮಮ್ಮ ಎತ್ತಿ, ಫೋನಿಲ್ಲದೆಯೂ ಕಿಕ್ಕೇರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡಿದಳು.

"ನಿಮ್ಮಪ್ಪ ಪೂಜೆಗೆ ಕೂತವ್ನೆ ಕಣೆ. ಈಗ ಮಾತಾಡಕ್ಕಿಲ್ಲ."

"ಅಜ್ಜಿ, ಕೆಲಸದ ಕೋಣೇಲಿ ನನ್ ಪೆಟ್ಗೆ ಅದೆಯಲ್ಲ, ಅದ್ರಲ್ಲಿ ಹಸ್ರು ದೀಪ ಉರೀತಾ ಅದಾ ನೋಡಜ್ಜಿ!"

"ಯಾವ್ ದೀಪಾನೂ ಇಲ್ಲ. ಕೋಣೆ ಕರೆಂಟೇ ತಗ್ದವ್ನೆ."

"ಆಕ್ಸಜ್ಜಿ, ನಿನ್ ದಮ್ಮಯ್ಯ!"

"ಅಯ್ಯೋ, ನಾನ್ ಮುಟ್ಟಾಕಿಲ್ಲವ್ವ. ನೀನುಂಟು, ನಿಮ್ಮಪ್ಪ ಉಂಟು," ಎಂದು ಅಜ್ಜಿ ಫೋನು ಇಟ್ಟಳು.

ಕೀರ್ತನ ತಟ್ಟೆಯಲ್ಲಿದ್ದ ಇಡ್ಲಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು.

ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಬೇಕಾಯಿತು. ಆ ಬಸ್ಸೋ, ದಾರಿಯಲ್ಲಿ ಕೈ ಎತ್ತಿದವರಿಗೆಲ್ಲ ನಿಲ್ಲುವ ಧಾರಾಳಿ. ಕಿಟಕಿ ಪಕ್ಕ ಕೂತ ಕೀರ್ತನ ಫೋನಿನಲ್ಲಿ ತನ್ನ ಪೇಜನ್ನು ಎಳೆದೆಳೆದು ನೋಡುತ್ತಿದ್ದಳು. ಬಿಳಿ ಪರದೆ, ಸುತ್ತುವ ಚಕ್ರ, ಮತ್ತೆ ಬಿಳಿ ಪರದೆ. ಚಿನಕುರಳಿ ಹತ್ತಿರ ಕಲ್ಲು ತುಂಬಿದ ಟ್ರಾಕ್ಟರೊಂದು ಮುಂದೆ ಸಿಕ್ಕಿ ಬಸ್ಸು ಅದರ ಹಿಂದೆ ತೆವಳಿದಾಗ, ಇಳಿದು ನಡೆದುಬಿಡಲೇ ಅನ್ನಿಸಿತು.

ಅಲ್ಲ, ಮನೆಯ ಪೆಟ್ಟಿಗೆಯಲ್ಲಿ ಪೇಜು ಇಟ್ಟುಕೊಂಡು ಇಷ್ಟೆಲ್ಲ ಒದ್ದಾಟ ಯಾಕೆ, ಎಲ್ಲರೂ ಇರುವ ಕಡೆಯೇ ಚಿತ್ರ ಹಾಕಿಕೊಂಡು ಇರಬಾರದಿತ್ತೇ ಎಂದು ನೀವು ಕೇಳಬಹುದು. ಅವಳೂ ಹಾಗೇ ಇದ್ದವಳು. ಲೋಕವೇ ತುಂಬಿಕೊಂಡಿರುವ ದೊಡ್ಡ ತಾಣವೊಂದರಲ್ಲಿ ಖಾತೆ ಇಟ್ಟುಕೊಂಡು, ಕಾಲೇಜು ಕಾಲದಿಂದ ಬರೆದ ಬಳೆ, ಅಡ್ಡಿಕೆ, ಜುಮುಕಿಗಳನ್ನೆಲ್ಲ ಅಲ್ಲೇ ಹಾಕುತ್ತಿದ್ದಳು. ಒಂದು ದಿನ ಎದ್ದು ನೋಡಿದರೆ ಖಾತೆಗೆ ಬೀಗ. ಯಾಕಪ್ಪಾ ಎಂದರೆ, ಬಂಗಾರದ ಚಿತ್ರ ತೋರಿಸಿ ಜನರಿಗೆ ಟೋಪಿ ಹಾಕುವ ಖಾತೆಯಂತೆ! ಹಾಗೆಂದು ತೀರ್ಮಾನಿಸಿದ್ದು ಮನುಷ್ಯನೂ ಅಲ್ಲ, ಒಂದು ಯಂತ್ರ. ಎಷ್ಟು ಸಲ ಬರೆದು ಕೇಳಿಕೊಂಡರೂ ಆ ಯಂತ್ರವೇ ಥ್ಯಾಂಕ್ಸ್ ಹೇಳಿ ಕಳಿಸುತ್ತಿತ್ತು. ಹೆತ್ತ ಮಕ್ಕಳನ್ನು ಕಳೆದುಕೊಂಡ ಹಾಗೆ ಅತ್ತಳು ಹುಡುಗಿ.

ಆಮೇಲೆ ಯಾರೋ ಇನ್ನೊಂದು ಬಗೆಯ ಜಾಲ ತೋರಿಸಿಕೊಟ್ಟರು. ಅಲ್ಲಿ ಎಲ್ಲದಕ್ಕೂ ಒಬ್ಬನೇ ಯಜಮಾನ ಅಂತ ಇಲ್ಲ. ಒಬ್ಬೊಬ್ಬರ ಸರ್ವರ್ ಒಂದೊಂದು ಮನೆ. ಈ ಮನೆಯ ಜಗಲಿಯಲ್ಲಿ ಕೂತವರು ಆ ಮನೆಯ ಜಗಲಿಯವರ ಜೊತೆ ಮಾತಾಡಬಹುದು. ಕೀರ್ತನ ಮೊದಲು ಪುಣೆಯ ಒಬ್ಬ ಪುಣ್ಯಾತ್ಮನ ಸರ್ವರಿನಲ್ಲಿ ಬಾಡಿಗೆ ಇಲ್ಲದ ಬಾಡಿಗೆದಾರಳಾಗಿ ಸೇರಿಕೊಂಡಳು. ಪುಣ್ಯಾತ್ಮನಿಗೆ ಒಂದು ದಿನ ಬೇಸರ ಬಂತು. ನನ್ನಿಂದ ಇನ್ನು ಸಾಗದು, ತಿಂಗಳ ಕೊನೆಗೆ ಮುಚ್ಚುತ್ತೇನೆ, ನಿಮ್ಮ ನಿಮ್ಮ ಗಂಟು ಕಟ್ಟಿಕೊಳ್ಳಿ ಎಂದ.

"ಥೂ, ಇನ್ನೊಬ್ರು ಮನೆ ಸಹವಾಸಾನೇ ಬ್ಯಾಡ," ಎಂದು ಕೀರ್ತನ ಅವತ್ತೇ ತೀರ್ಮಾನ ಮಾಡಿದಳು. ಟಿಫಿನ್ ಡಬ್ಬಿಯಷ್ಟು ದೊಡ್ಡದಾದ ಒಂದು ಹಳೇ ಕಂಪ್ಯೂಟರ್ ತಂದಳು. ರಾತ್ರಿ ಹಗಲು ಓದಿ, ಕೆಡಿಸಿ, ಸರಿಮಾಡಿ, ಸ್ವಂತ ಹೆಸರಿನಲ್ಲಿ ಸ್ವಂತ ಸರ್ವರ್ ಎಬ್ಬಿಸಿದಳು. ದಾವಣಗೆರೆಯಿಂದ ಡೆನ್ಮಾರ್ಕಿನವರೆಗೆ ಜನ ಅವಳ ಜಗಲಿಗೆ ಬಂದು ಓಲೆ ನೋಡಿ ಹೋಗುತ್ತಿದ್ದರು. ಇನ್ನು ನನ್ನನ್ನು ಯಾವನೂ ಹೊರಗೆ ಹಾಕಲಾರ ಎಂದು ಅವಳಿಗೆ ಎಂಥಾ ಧೈರ್ಯ! ಬಂದವರ ಮನೆಗಳಲ್ಲಿ ಅವಳ ಮಾತಿನ ನಕಲು ಉಳಿಯುತ್ತಿತ್ತು ನಿಜ. ಆದರೆ ಚಿತ್ರಗಳೆಲ್ಲ ಇದ್ದದ್ದು ಈ ಡಬ್ಬಿಯೊಳಗೇ. ಬಸ್ಸಿನಲ್ಲಿ ಕೂತು ಬೇರೆಯವರ ಸರ್ವರಿನಿಂದ ಇಣುಕಿ ನೋಡಿದರೆ ಚಿತ್ರವಿರಬೇಕಾದ ಕಡೆಯೆಲ್ಲ ಬರೀ ಬೂದು ಚೌಕ ಕಾಣುತ್ತಿತ್ತು.

ಪಾಂಡವಪುರದಲ್ಲಿ ತೆಂಗಿನಕಾಯಿ ಚೀಲ ಹಿಡಿದ ಒಬ್ಬ ಮುದುಕಿ ಹತ್ತಿ ಪಕ್ಕದಲ್ಲಿ ಕೂತಳು. ಇವಳ ಕಾಲು ಕುಣಿಯುವುದನ್ನು ನೋಡಿ ನೋಡಿ ಸಾಕಾಗಿ, "ಯಾಕವ್ವ ಇಂಗ್ ಒದ್ದಾಡ್ತೀಯ, ಗಂಜಾಂ ನಿಮಿಷಾಂಬ ತಾಯಿ ಎಲ್ಲೋಯ್ತಾಳೆ? ಅಮಾಸೆ ದಿನ ಗುಡಿ ಬಾಗ್ಲು ಲೇಟಾಗಿ ಮುಚ್ತಾರೆ ಬುಡು," ಎಂದಳು.

"ಇವತ್ತು ಅಮಾಸೆನಾ?"

"ಇನ್ನೇನ್ ಹುಣ್ಣಿಮೆನಾ?"

ಕೀರ್ತನಳ ಕೈಯಲ್ಲಿದ್ದ ಫೋನು ತೊಡೆಯ ಮೇಲೆ ಬಿತ್ತು. ಅಕ್ಕಸಾಲಿ ಮನೆಯಲ್ಲಿ ಹುಟ್ಟಿ ಅಮಾವಾಸ್ಯೆ ಮರೆತವಳು! ಅವತ್ತು ಅವರ ಕುಲದ ಯಾರೂ ಸುತ್ತಿಗೆ ಎತ್ತುವುದಿಲ್ಲ, ಕುಂಪಟೆಗೆ ಕೆಂಡ ಹಾಕುವುದಿಲ್ಲ. ಆಯುಧಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಇಟ್ಟು ಪೂಜೆ ಮಾಡಿ ಮಲಗಿಸುತ್ತಾರೆ. ಹೋಗಲಿ, ಸುತ್ತಿಗೆ ಮಲಗಿದರೆ ಸರ್ವರ್ ಯಾಕೆ ಮಲಗಬೇಕು ಎಂದರೆ, ಅದನ್ನು ಆ ಸಾಲಿಗೆ ಸೇರಿಸಿದವಳು ಸ್ವತಃ ಕೀರ್ತನಳೇ.

ಮೊನ್ನೆ ಮೊನ್ನೆಯವರೆಗೂ ಡಬ್ಬಿ ಅವಳ ಕೋಣೆಯಲ್ಲೇ ಇತ್ತು. ಕರೆಂಟು ಹೋದಾಗಲೆಲ್ಲ ಸರ್ವರ್ ಸಾಯುತ್ತಿತ್ತು. ಮನೆಯಲ್ಲಿ ಇನ್ವರ್ಟರ್ ಇದ್ದದ್ದು ಅಪ್ಪನ ಕೆಲಸದ ಕೋಣೆಯಲ್ಲಿ ಮಾತ್ರ. ಅಲ್ಲಿಗೆ ತರುತ್ತೇನೆ ಎಂದಾಗ ಚಂದ್ರಶೇಖರ ಕನ್ನಡಕದ ಮೇಲಿನಿಂದ ನೋಡಿ, "ಈ ಕೋಣೆಗೆ ಬರೋ ಸಾಮಾನು ಪೂಜೆ ಆಗ್ದೆ ಬರಂಗಿಲ್ಲ ಕಣವ್ವ. ಇದು ಆಯುಧನೋ, ಟೀವಿ ಅಂಗೆ ಬರೀ ಸಾಮಾನೋ? ಅದನ್ನ ಯೋಳು," ಎಂದು ಕೇಳಿದ್ದ.

"ಆಯುಧನೇ ಅಪ್ಪ. ನಿಮ್ಗೆ ಸುತ್ತಿಗೆ ಎಂಗೋ ನಂಗೆ ಇದು ಅಂಗೆ," ಎಂದಿದ್ದಳು ಎದೆಯುಬ್ಬಿಸಿಕೊಂಡು.

ಅಪ್ಪ ಒಳ್ಳೆಯ ದಿನ ನೋಡಿ, ಹೊಸ ಚಿಮಟಕ್ಕೋ ಹೊಸ ಅರಕ್ಕೋ ಮಾಡುವ ಹಾಗೆಯೇ ಆ ಡಬ್ಬಿಗೂ ವಿಭೂತಿ ಎಳೆದ. ಆಮೇಲೆ ತನ್ನ ಮಣೆಯ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ, "ಕೂತ್ಕೊ," ಎಂದ. ಆ ಮನೆಯಲ್ಲಿ ಯಾವ ಹೆಣ್ಣುಮಗಳೂ ಕೂತಿರದ ಜಾಗ ಅದು. ನಾಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಬಾಯಿ ಮೇಲೆ ಬೆರಳಿಟ್ಟುಕೊಂಡಿದ್ದಳು. ಕೀರ್ತನಳಿಗೆ ಅವತ್ತಾದ ಸಂತೋಷ ಸಾವಿರಾರು ಜನ ಓಲೆ ಮೆಚ್ಚಿದಾಗಲೂ ಆಗಿರಲಿಲ್ಲ. ಅದಾದ ಮೇಲೆ ಬಂದ ಮೊದಲ ಅಮಾವಾಸ್ಯೆ ಇವತ್ತು.

ಶ್ರೀರಂಗಪಟ್ಟಣದಲ್ಲಿ ಇಳಿದು ಆಟೋ ಹತ್ತಿದರೆ ಗಂಜಾಂ ದಾರಿಯಲ್ಲಿ ಹೊಳೆಗೆ ಬಂದವರ ಕಾರುಗಳು ಬಾಲಕ್ಕೆ ಮೂತಿ ತಗುಲಿಸಿಕೊಂಡು ನಿಂತಿದ್ದವು. ಕೀರ್ತನ ಅರ್ಧದಲ್ಲೇ ಇಳಿದು ಓಡಿದಳು.

ಚಂದ್ರಶೇಖರ ಪೂಜೆ ಮುಗಿಸಿ, ಕೆಲಸದ ಕೋಣೆಯ ಹೊಸ್ತಿಲ ಬಳಿ ಕೂತು ಪಾಂಡವಪುರದ ಚಲುವರಾಜು ಜೊತೆ ಮಾತಾಡುತ್ತಿದ್ದ. ಚಲುವರಾಜು ಹಳೇ ಗಿರಾಕಿ. ಮಗಳ ಸರದ ಕೊಂಡಿ ಕಿತ್ತುಹೋಗಿದೆ, ಸಂಜೆ ನೆಂಟರ ಮನೆಗೆ ಹೋಗಬೇಕು, ಒಂದು ಬೆಸುಗೆ ಹಾಕಿಕೊಡು ಎಂದು ಗೋಗರೆಯುತ್ತಿದ್ದ.

"ಆಗಾಕಿಲ್ಲ ಕಣ್ಲಾ ಚಲುವ. ಇವತ್ತು ಊದುಗೊಳವೆ ಬಾಯಿಗಿಟ್ಕಂಡ್ರೆ ನಮ್ಮಪ್ಪ ಮೇಲಿಂದ ಎದ್ದು ಬಂದು ಒದೀತಾನೆ," ಎಂದು ಚಂದ್ರಶೇಖರ ನಕ್ಕ. ಚಲುವರಾಜು ಗೊಣಗಿಕೊಂಡು ಬೈಕು ಹತ್ತಿ ಹೋದ.

ಕೀರ್ತನ ಮಾತಾಡಲಾರದಷ್ಟು ಏದುಸಿರು ಬಿಡುತ್ತ ಒಳಗೆ ಇಣುಕಿದಳು. ಕೆಂಪು ವಸ್ತ್ರದ ಮೇಲೆ ಸುತ್ತಿಗೆ, ಅರ, ಚಿಮಟ, ತಕ್ಕಡಿ. ತುದಿಯಲ್ಲಿ ಅವಳ ಡಬ್ಬಿ. ಅದರ ನೆತ್ತಿಗೂ ಒಂದು ಚೆಂಡುಹೂ. ಒಂದು ವೈರೂ ಇಲ್ಲದೆ ತಣ್ಣಗೆ ಕೂತಿತ್ತು.

"ಅಪ್ಪ, ಅದನ್ನ ಆನ್ ಮಾಡ್ಬೇಕು. ಈಗ್ಲೇ."

"ಯಾಕವ್ವ, ಏನಾಯ್ತು?"

ಏನಾಯಿತೆಂದು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಸಮಿತಿ, ಅಂಗಡಿ, ತಾರೀಖು, ಕಳ್ಳಿ ಅನ್ನಿಸಿಕೊಳ್ಳುವ ಭಯ. ಚಂದ್ರಶೇಖರ ಪೂರ್ತಿ ಕೇಳಿದ. ಅವನೂ ಆ ಓಲೆಗೆ ಕಣ್ಣು ಬಸಿದವನೇ ಅಲ್ಲವೆ, ಅವನ ಮುಖವೂ ಸಣ್ಣದಾಯಿತು. ಆದರೆ ಜಾಗ ಬಿಟ್ಟು ಏಳಲಿಲ್ಲ.

"ಮಗಳೆ, ನಂಗೂ ಒಟ್ಟೆ ಉರೀತದೆ. ಆದ್ರೆ ನೀನೇ ಯೋಳು. ಅವತ್ತು ಆಯುಧ ಅಂದೆ. ಆಯುಧ ಅಂದ್ಮೇಲೆ ಇವತ್ತು ಅದು ಮಲಗಿರ್ಬೇಕು. ನಂದೂ ಮಲಗದೆ, ನಿಂದೂ ಮಲಗದೆ."

"ನಿಮ್ ಫೋನು? ಬೆಳಗ್ಗೆಯಿಂದ ಅದ್ರಲ್ಲಿ ಬಂಗಾರದ ರೇಟ್ ನೋಡಿಲ್ವಾ ನೀವು? ಅದ್ಯಾಕ್ ಮಲಗಿಲ್ಲ?"

"ಫೋನ್ಗೆ ನಾನ್ ಯಾವತ್ತವ್ವ ಇಬೂತಿ ಇಟ್ಟಿವ್ನಿ?"

ಒಳಗಿಂದ ಅಜ್ಜಿ, "ಒಂದಿನ ಮುಚ್ಚಿದ್ರೆ ಏನ್ ಮುಳುಗೋಯ್ತದೆ?" ಎಂದಳು. "ಎಲ್ಲಾನೂ ಮುಳುಗೋಯ್ತದೆ ಅಜ್ಜಿ, ನೀನ್ ಸುಮ್ಕಿರು!" ಎಂದು ಕೀರ್ತನ ಕಿರುಚಿದಳು. ಹಿಂದೆ ಎಂದೂ ಅಜ್ಜಿಯ ಮೇಲೆ ಕಿರುಚಿದವಳಲ್ಲ. ಫೋನು ಮತ್ತೆ ಹೊಡೆದುಕೊಂಡಿತು. ಅರ್ಪಿತ ಮೇಡಂ. "ನಾವು ಕೂತಾಯ್ತು ಕೀರ್ತನ. ಇನ್ನೊಂದು ಸ್ವಲ್ಪ ಹೊತ್ತು ಕಾಯ್ತೀವಿ, ಅಷ್ಟೇ."

ಚಂದ್ರಶೇಖರ ಎದ್ದು ನಿಂತ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಹಟವೂ ಇರಲಿಲ್ಲ. "ನಾನೇನು ಅಡ್ಡ ಬರಾಕಿಲ್ಲ. ಆಯುಧ ಅಲ್ಲ ಅಂತ ಒಂದ್ ಮಾತು ಯೋಳ್ಬುಡು. ಈಗ್ಲೇ ನಾನೇ ಕರೆಂಟ್ ಕೊಡ್ತೀನಿ."

ಕೀರ್ತನ ಡಬ್ಬಿ ನೋಡಿದಳು, ಅಪ್ಪನ ಮಣೆಯ ಪಕ್ಕದ ತನ್ನ ಮಣೆ ನೋಡಿದಳು. ಯೋಚನೆ ಮಾಡಲು ಯಾರು ಬಿಟ್ಟರು ಅವಳನ್ನು?

"ಅಲ್ಲ ಅಪ್ಪ. ಆಯುಧ ಅಲ್ಲ. ಬರೀ ಸಾಮಾನು."

ಅಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಡಬ್ಬಿಯ ಮೇಲಿನ ವಿಭೂತಿಯನ್ನು ಒರೆಸಿದ. ಕುಂಕುಮದ ಬೊಟ್ಟು ಬೇಗ ಹೋಗಲಿಲ್ಲ, ಉಗುರಿನಲ್ಲಿ ಕೆರೆದ. ಹೂವನ್ನು ತೆಗೆದು ತಕ್ಕಡಿಯ ಮುಂದಿಟ್ಟ. ಡಬ್ಬಿಯನ್ನು ತಾನೇ ಎತ್ತಿಕೊಂಡು ಹೋಗಿ ನಡುಮನೆಯಲ್ಲಿ ಟೀವಿಯ ಪಕ್ಕ ಇಟ್ಟ. ಇಂಟರ್‌ನೆಟ್ಟಿನ ಪೆಟ್ಟಿಗೆಯನ್ನೂ ಉದ್ದನೆಯ ವೈರನ್ನೂ ಎಳೆತಂದು, ಎಲ್ಲಿಗೆ ಯಾವುದು ಎಂದು ಅವಳನ್ನೇ ಕೇಳಿ ಕೇಳಿ ಸಿಕ್ಕಿಸಿದ. ಹಸಿರು ದೀಪ ಹತ್ತಿತು.

ಪೇಜು ತೆರೆಯಿತು. ಮೈಸೂರಿನಲ್ಲಿ ಸಮಿತಿಯವರು ಮೊದಲ ಗೆರೆಯಿಂದ ಕೊನೆಯ ಮೆರುಗಿನವರೆಗೆ ಎಲ್ಲವನ್ನೂ ನೋಡಿದರು. ಸಂಜೆಯ ಹೊತ್ತಿಗೆ ಅರ್ಪಿತ ಮೇಡಂ ಫೋನು ಬಂತು. ಅಂಗಡಿಯವರು ಬಾಯಿ ಮುಚ್ಚಿಕೊಂಡು ತಮ್ಮ ಓಲೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದರು, ಓಲೆ ಕೀರ್ತನಳ ಹೆಸರಿನಲ್ಲೇ ನಿಂತಿತ್ತು, ಮೇಳದ ಪ್ರಚಾರದ ಮೊದಲ ಪುಟದಲ್ಲಿ ಅದರದೇ ಚಿತ್ರ ಬರುವುದಿತ್ತು. ಕೀರ್ತನ ಕೂಗಿಕೊಂಡು ಅಜ್ಜಿಯನ್ನು ಎತ್ತಿ ಸುತ್ತಿಸಿದಳು. "ಬುಡೆ, ಸೊಂಟ ಮುರ್ದಾತು!" ಎಂದು ನಾಗಲಕ್ಷ್ಮಮ್ಮ ನಗುತ್ತ ಬೈದಳು. "ಒಳ್ಳೇದಾಯ್ತು ಕಣವ್ವ," ಎಂದ ಅಪ್ಪ. ಮನಸ್ಸಿನಿಂದಲೇ ಅಂದ. ಅದರಲ್ಲಿ ಸುಳ್ಳಿಲ್ಲ.

ಗೆದ್ದವಳಿಗೆ ನಿದ್ದೆ ಬರಬೇಕಲ್ಲ? ಬರಲಿಲ್ಲ. ಮಾರನೆಯ ದಿನ ಬೆಳಗ್ಗೆ ಕೆಲಸದ ಕೋಣೆಗೆ ಹೋದರೆ ಅವಳ ಮಣೆ ಇದ್ದಲ್ಲೇ ಇತ್ತು. ಅಪ್ಪ ಅದನ್ನು ತೆಗೆದಿರಲಿಲ್ಲ, ತೆಗೆಯುವ ಮನುಷ್ಯನೂ ಅಲ್ಲ. ಆದರೆ ಕೂತು ಮಾಡುವುದೇನು? ಅವಳ ಕೆಲಸವೆಲ್ಲ ಟೀವಿಯ ಪಕ್ಕ ಹೋಗಿ ಕೂತಿತ್ತು. ಸ್ವಲ್ಪ ಹೊತ್ತು ಅಪ್ಪನ ಕೈ ನೋಡುತ್ತ ಕೂತಳು, ಎದ್ದಳು, ನಡುಮನೆಗೆ ಹೋದಳು, ಮತ್ತೆ ಬಂದಳು. ದಿನವೂ ಇದೇ ಆಯಿತು. ಅಪ್ಪ ಬೈದಿದ್ದರೆ ತಾನೂ ಎರಡು ಮಾತು ಆಡಿ ಹಗುರಾಗಬಹುದಿತ್ತು. ಅವನು ಬೈಯಲೇ ಇಲ್ಲ. ಹೊಸ ನಮೂನೆ ತೋರಿಸಿದರೆ ಚೆನ್ನಾಗಿದೆ ಎನ್ನುತ್ತಿದ್ದ, ಮಾಡಿಕೊಡುತ್ತಿದ್ದ. ಯಾವ ಗಿರಾಕಿ ಹೇಳಿದರೂ ಹಾಗೇ ಮಾಡಿಕೊಡುತ್ತಿದ್ದನಲ್ಲ, ಅದು ಅವಳ ಎದೆಗೆ ಚುಚ್ಚುತ್ತಿತ್ತು.

ಮುಂದಿನ ಅಮಾವಾಸ್ಯೆ ಬಂತು. ಈ ಸಲ ಅವಳು ಮರೆಯಲಿಲ್ಲ. ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಚಂದ್ರಶೇಖರ ಆಯುಧಗಳನ್ನು ಒರೆಸಿ ಒರೆಸಿ ಜೋಡಿಸುತ್ತಿದ್ದವನು ತಲೆ ಎತ್ತಿದ.

"ನೀನ್ಯಾಕವ್ವ ನಿಂತಿದೀಯ? ನಿಂಗೇನ್ ಇವತ್ತು ರಜಾ ಇಲ್ವಲ್ಲ. ಓಗು, ನಿನ್ ಕೆಲ್ಸ ನೋಡ್ಕೊ," ಎಂದ.

ಕೊಂಕಿರಲಿಲ್ಲ ಆ ಮಾತಿನಲ್ಲಿ. ಮಗಳ ಕೆಲಸ ಕೆಡದಿರಲಿ ಎಂಬ ಕಾಳಜಿಯೇ ಇತ್ತು. ಕೀರ್ತನ ಕಣ್ಣಲ್ಲಿ ನೀರು ತುಂಬಿಕೊಂಡು ನಡುಮನೆಗೆ ಬಂದು ಡಬ್ಬಿಯ ಮುಂದೆ ಕೂತಳು. ಮೇಳದ ಪ್ರಚಾರ ಹೊರಬಿದ್ದ ದಿನ ಅದು. ಓಲೆ ನೋಡಲು ಜನ ಒಬ್ಬರ ಹಿಂದೊಬ್ಬರು ಅವಳ ಜಗಲಿ ಹತ್ತುತ್ತಿದ್ದರು. ಹಸಿರು ದೀಪ ಬಿಡುವಿಲ್ಲದೆ ಮಿಟುಕುತ್ತಿತ್ತು.

ದೊಡ್ಡ ತಾಣದ ಯಂತ್ರ ಮುಚ್ಚಿತು, ಪುಣೆಯವನು ಮುಚ್ಚಿದ, ಅಪ್ಪ ಮುಚ್ಚಿದ. ಒಂದೊಂದು ಸಲವೂ ಮುಚ್ಚಲು ನೀವ್ಯಾರು ಎಂದು ಬಡಿದಾಡಿದವಳು ಅವಳು. ತೆರೆದಿಡುವುದಕ್ಕೇ ಎಲ್ಲ ಕಷ್ಟಪಟ್ಟಳು. ಮುಚ್ಚುವುದೂ ತನ್ನ ಕೈಯಲ್ಲೇ ಇದೆ ಎಂದು ಅವಳಿಗೆ ಈವರೆಗೂ ಹೊಳೆದಿರಲಿಲ್ಲ. ಆ ದೊಡ್ಡ ತಾಣದಲ್ಲಿದ್ದಿದ್ದರೆ, ಇವತ್ತು ನಮ್ಮ ಮನೆಯಲ್ಲಿ ಅಮಾವಾಸ್ಯೆ, ಬಾಗಿಲು ಹಾಕಿ ಎಂದು ಯಾರನ್ನು ಕೇಳಬೇಕಿತ್ತು?

ಕಣ್ಣೊರೆಸಿಕೊಂಡು ಟೈಪು ಮಾಡಿದಳು: "ಇವತ್ತು ಅಮಾವಾಸ್ಯೆ. ನಾವು ಅಕ್ಕಸಾಲಿಗಳು. ನಮ್ಮ ಆಯುಧಗಳಿಗೆ ರಜಾ." ಅದು ಎಲ್ಲರ ಜಗಲಿಗೂ ಹೋಗಿ ಮುಟ್ಟುವಷ್ಟು ಹೊತ್ತು ಕಾದು, ಸರ್ವರ್ ನಿಲ್ಲಿಸಿ, ವೈರು ಕಿತ್ತಳು.

ಫೋನು ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅರ್ಪಿತ ಮೇಡಂ ಸಿಟ್ಟಿನಿಂದ ಕುದಿಯುತ್ತಿದ್ದರು. "ಏನ್ರೀ ಇದು ಕೀರ್ತನ, ಇವತ್ತೇ ಸಿಕ್ಕಿತಾ? ಜನ ಎಲ್ಲ ಕೇಳ್ತಿದ್ದಾರೆ. ಪೇಜ್ ತೆರೀದಿದ್ರೆ ಮೊದಲ ಪುಟಕ್ಕೆ ಬೇರೆಯವರ ಚಿತ್ರ ಹಾಕಬೇಕಾಗುತ್ತೆ ನಾನು."

"ಹಾಕಿ ಮೇಡಂ. ಇವತ್ತು ತೆಗಿಯಲ್ಲ."

"ಇದನ್ನ ಯಾರು ಮುಚ್ಚಿಸಿದ್ದು? ನಿಮ್ಮ ತಂದೆನಾ? ಕೊಡಿ ಅವರಿಗೆ, ನಾನು ಮಾತಾಡ್ತೀನಿ."

ಕೆಲಸದ ಕೋಣೆಯಲ್ಲಿ ಪೂಜೆ ತಟ್ಟೆಯ ಸದ್ದು ನಿಂತಿತು.

"ಅಪ್ಪ ಅಲ್ಲ ಮೇಡಂ," ಎಂದಳು ಕೀರ್ತನ. "ನಾನೇ ಮುಚ್ಚಿದ್ದು."

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಚಂದ್ರಶೇಖರ ನಿಂತಿದ್ದ. ವಿಭೂತಿ ಕಲಸಿದ ಕೈಯನ್ನು ಬಟ್ಟೆಗೆ ತಾಗದ ಹಾಗೆ ಎತ್ತಿ ಹಿಡಿದಿದ್ದ. ಅವಳನ್ನು ನೋಡಿದ, ದೀಪ ಆರಿದ ಡಬ್ಬಿಯನ್ನು ನೋಡಿದ.

"ಇನ್ನೇನ್ ಕೂತಿದೀಯ?" ಎಂದ. "ಆರತಿಗೆ ಒತ್ತಾಯ್ತು. ಎತ್ಕೊಂಡ್ ಬಾ ಅದನ್ನ."